ಹೋಸ್ಟಿಂಗ್ ಕಂಪನಿಯನ್ನು ನಂಬಬಹುದಾ? ದುಡ್ಡು ಕಟ್ಟುವ ಮೊದಲೇ ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮ ಊರಿನ ಸಾಹಿತ್ಯ ಸಂಘಕ್ಕೆ ಒಂದು ವೆಬ್‌ಸೈಟ್ ಮಾಡಿಸಬೇಕು. ಕಥೆ, ಕವನ, ಕಾರ್ಯಕ್ರಮದ ಫೋಟೊ ಹಾಕುತ್ತೇವೆ, ಅಷ್ಟೇ. ಹೋಸ್ಟಿಂಗ್, ಅಂದರೆ ಸೈಟ್ ಇಡಲು ಬಾಡಿಗೆ ಜಾಗ, ಹುಡುಕಲು ಹೋದರೆ ನೂರೆಂಟು ಕಂಪನಿಗಳು, ಎಲ್ಲರೂ ತಾವೇ ನಂಬರ್ ಒನ್ ಅನ್ನುತ್ತಾರೆ. ಯಾರನ್ನು ನಂಬುವುದು?

ಉತ್ತರ: ಎಲ್ಲ ಸರಿಯಾಗಿ ನಡೆಯುವಾಗ ಎಲ್ಲ ಕಂಪನಿಗಳೂ ಒಂದೇ ಥರ ಕಾಣುತ್ತವೆ. ಸೈಟ್ ಕೆಟ್ಟು ನಿಂತ ದಿನ ಅವರು ಏನು ಮಾಡುತ್ತಾರೆ, ನೀವು ಬಿಟ್ಟು ಹೊರಟ ದಿನ ಸುಲಭವಾಗಿ ಬಿಟ್ಟುಕೊಡುತ್ತಾರಾ ಎನ್ನುವುದರಲ್ಲೇ ವ್ಯತ್ಯಾಸ ಗೊತ್ತಾಗುವುದು. ಈ ಎರಡನ್ನೂ ದುಡ್ಡು ಕಟ್ಟುವ ಮೊದಲೇ ವಿಚಾರಿಸಬಹುದು. ‘ಟಾಪ್ 10 ಹೋಸ್ಟಿಂಗ್’ ಎನ್ನುವ ಲೇಖನಗಳನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಅವುಗಳಲ್ಲಿ ಬಹಳಷ್ಟು ಕಮಿಷನ್‌ಗಾಗಿ ಬರೆದವು. ನೀವು ಆ ಲಿಂಕ್ ಒತ್ತಿ ಖರೀದಿಸಿದರೆ ಬರೆದವರಿಗೆ ಪಾಲು ಸಿಗುತ್ತದೆ.

ಮೊದಲು ಬೆಲೆ. ತಿಂಗಳಿಗೆ 99 ರೂಪಾಯಿ ಎಂದು ದೊಡ್ಡ ಅಕ್ಷರದಲ್ಲಿ ಹಾಕಿದ್ದಾರೆ ಎಂದುಕೊಳ್ಳಿ. ಆ ದರ ಬೇಕಾದರೆ 48 ತಿಂಗಳ ಹಣವನ್ನು ಒಟ್ಟಿಗೇ ಕಟ್ಟಬೇಕು ಎಂದು ಕೆಳಗೆ ಸಣ್ಣದಾಗಿ ಬರೆದಿರುತ್ತದೆ. ಅಂದರೆ 4,752 ರೂಪಾಯಿ. ಶೇ. 18ರ ಜಿಎಸ್‌ಟಿ ಸೇರಿದರೆ ಸುಮಾರು 5,600. ಅವಧಿ ಮುಗಿದ ಮೇಲೆ ರಿನ್ಯೂವಲ್ ದರ ತಿಂಗಳಿಗೆ 399 ಆಯಿತು ಅನ್ನಿ. ಆಗ ಒಂದೇ ವರ್ಷಕ್ಕೆ ಹತ್ತಿರ ಹತ್ತಿರ 5,650 ರೂಪಾಯಿ. ಮೊದಲ ನಾಲ್ಕು ವರ್ಷಕ್ಕೆ ಕೊಟ್ಟಿದ್ದಕ್ಕಿಂತ ಜಾಸ್ತಿ! ಹಾಗಾಗಿ ಕಂಪನಿಗಳನ್ನು ಹೋಲಿಸುವಾಗ ರಿನ್ಯೂವಲ್ ದರಗಳನ್ನೇ ಪಕ್ಕಪಕ್ಕ ಇಟ್ಟು ನೋಡಿ. ಆ ದರವನ್ನು ಎಲ್ಲೂ ತೋರಿಸದ ಕಂಪನಿಯನ್ನು ಅಲ್ಲಿಗೇ ಬಿಟ್ಟುಬಿಡಿ.

ನಿಮಗೆ ಶೇರ್ಡ್ ಹೋಸ್ಟಿಂಗ್ ಸಾಕು. ಒಂದೇ ಸರ್ವರ್‌ನಲ್ಲಿ, ಅಂದರೆ ಕಂಪನಿಯ ಒಂದೇ ಕಂಪ್ಯೂಟರಿನಲ್ಲಿ, ನೂರಾರು ಸೈಟುಗಳು ಇರುವ ವ್ಯವಸ್ಥೆ ಇದು. ವಠಾರದ ಒಂದೇ ನಲ್ಲಿಯ ಹಾಗೆ, ಒಬ್ಬರು ಜಾಸ್ತಿ ನೀರು ಹಿಡಿದರೆ ಉಳಿದವರ ಕೊಡ ತುಂಬುವುದು ತಡವಾಗುತ್ತದೆ. ಒಳ್ಳೆಯ ಕಂಪನಿ ಪ್ರತಿ ಖಾತೆಗೂ ಇಷ್ಟೇ ಸಿಪಿಯು, ಇಷ್ಟೇ ಮೆಮೊರಿ ಎಂದು ಮಿತಿ ಹಾಕಿ, ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ‘ಅನ್‌ಲಿಮಿಟೆಡ್’ ಎಂದು ಬರೆದ ಕಡೆ ಷರತ್ತುಗಳ ಪುಟ ತೆಗೆದು ಫೈಲುಗಳ ಸಂಖ್ಯೆಗೆ ಮಿತಿ ಇದೆಯಾ ನೋಡಿ. ಅದು ಸಾಮಾನ್ಯವಾಗಿ ‘ಐನೋಡ್’ ಎಂಬ ಹೆಸರಿನಲ್ಲಿ ಇರುತ್ತದೆ. ಫೋಟೊ ಜಾಸ್ತಿ ಹಾಕುವವರಿಗೆ ಇದು ಮುಖ್ಯ. ಸೈಟ್ ನಡೆಸಲು ಬಹಳ ಜನ ಬಳಸುವ ವರ್ಡ್‌ಪ್ರೆಸ್ ಎಂಬ ಸಾಫ್ಟ್‌ವೇರ್‌ನಲ್ಲಿ ನೀವು ಒಂದು ಫೋಟೊ ಏರಿಸಿದರೆ ಅದು ಬೇರೆ ಬೇರೆ ಅಳತೆಯ ಹಲವು ಪ್ರತಿಗಳನ್ನು ತಾನೇ ಮಾಡಿಟ್ಟುಕೊಳ್ಳುತ್ತದೆ. ರಾಜ್ಯೋತ್ಸವದ ಇನ್ನೂರು ಫೋಟೊ ಹಾಕಿದರೆ ಸರ್ವರ್‌ನಲ್ಲಿ ಸಾವಿರಕ್ಕೂ ಹೆಚ್ಚು ಫೈಲು ಆಗಿರಬಹುದು.

ಶೇ. 99.9 ಅಪ್‌ಟೈಮ್ (ಸೈಟ್ ನಿಲ್ಲದೆ ನಡೆಯುವ ಸಮಯ) ಗ್ಯಾರಂಟಿ ಎಂದು ಎಲ್ಲರೂ ಬರೆಯುತ್ತಾರೆ. ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 43 ನಿಮಿಷ, ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ಸೈಟ್ ಬಂದ್ ಆಗಿದ್ದರೂ ಅವರು ಮಾತು ಉಳಿಸಿಕೊಂಡ ಹಾಗೇ. ಮಾತು ತಪ್ಪಿದರೂ ಸಾಮಾನ್ಯವಾಗಿ ಸಿಗುವುದು ಆ ತಿಂಗಳ ಶುಲ್ಕದಲ್ಲಿ ಒಂದಿಷ್ಟು ಕಡಿತ, ಅದೂ ನೀವೇ ಕೇಳಿದರೆ. ಈ ಗ್ಯಾರಂಟಿಗೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಸೈಟ್ ಶುರುವಾದ ಮೇಲೆ ಅಪ್‌ಟೈಮ್‌ರೋಬಾಟ್‌ನಂಥ ಉಚಿತ ಸೇವೆಗೆ ನಿಮ್ಮ ವಿಳಾಸ ಕೊಡಿ. ಅದು ಕೆಲವು ನಿಮಿಷಕ್ಕೊಮ್ಮೆ ಸೈಟನ್ನು ತಟ್ಟಿ ನೋಡಿ, ನಿಂತರೆ ನಿಮಗೆ ಮೇಲ್ ಕಳಿಸುತ್ತದೆ. ಆಗ ನಿಮ್ಮ ಕೈಯಲ್ಲಿ ನಿಮ್ಮದೇ ಲೆಕ್ಕ ಇರುತ್ತದೆ.

ಈಗ ನಾನು ಜಾಸ್ತಿ ಹೊತ್ತು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ, ಬ್ಯಾಕಪ್, ಅಂದರೆ ಸೈಟಿನ ಕಾಪಿಟ್ಟ ಇನ್ನೊಂದು ಪ್ರತಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ (ಸರ್ವರ್‌ಗಳನ್ನು ಇಡುವ ಜಾಗ) ಬೆಂಕಿ ಬಿತ್ತು. ಯುರೋಪಿನ ಬಹು ದೊಡ್ಡ ಹೋಸ್ಟಿಂಗ್ ಕಂಪನಿಗಳಲ್ಲಿ ಅದೂ ಒಂದು. ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು, ಪಕ್ಕದ್ದಕ್ಕೂ ಹಾನಿಯಾಯಿತು, ಲಕ್ಷಾಂತರ ಸೈಟುಗಳು ನಿಂತುಹೋದವು. ಬ್ಯಾಕಪ್ ಬೇರೆ ಜಾಗದಲ್ಲಿ ಇಟ್ಟುಕೊಂಡಿದ್ದವರು ಸುಧಾರಿಸಿಕೊಂಡರು. ಬ್ಯಾಕಪ್ ಕೂಡ ಅಲ್ಲೇ ಇದ್ದವರಿಗೆ ಎರಡೂ ಹೋದವು. ಕೆಲವರು ಕೋರ್ಟಿಗೂ ಹೋದರು. ಅಷ್ಟು ದೊಡ್ಡ ಕಂಪನಿಯಲ್ಲೇ ಹೀಗಾಗಿರುವಾಗ, ‘ಡೈಲಿ ಬ್ಯಾಕಪ್ ಉಂಟು’ ಎಂಬ ಒಂದು ಸಾಲಿಗೆ ತೃಪ್ತಿಪಡುವುದು ಸರಿಯಲ್ಲ ಅಲ್ವಾ? ಬ್ಯಾಕಪ್ ಎಲ್ಲಿ ಇಡುತ್ತೀರಿ, ಎಷ್ಟು ದಿನದ್ದು ಇಡುತ್ತೀರಿ, ವಾಪಸ್ ಹಾಕಲು ಬೇರೆ ದುಡ್ಡು ಕೇಳುತ್ತೀರಾ ಎಂದು ಕೇಳಿ. ನಾನೇ ಇಳಿಸಿಕೊಳ್ಳಬಹುದಾ ಎಂದೂ ಕೇಳಿ.

ಅವರು ಏನೇ ಹೇಳಲಿ, ತಿಂಗಳಿಗೊಮ್ಮೆ ಒಂದು ಪ್ರತಿಯನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಫೋಟೊ ಮತ್ತು ಫೈಲುಗಳು ಒಂದು ಕಡೆ ಇರುತ್ತವೆ, ಕಥೆ ಕವನಗಳ ಪಠ್ಯ ಡೇಟಾಬೇಸ್‌ನಲ್ಲಿ ಇರುತ್ತದೆ. ಎರಡೂ ಬೇಕು. ಬರೀ ಫೈಲುಗಳನ್ನು ಇಳಿಸಿಕೊಂಡು ಬ್ಯಾಕಪ್ ಆಯಿತು ಎಂದು ಸುಮ್ನೆ ಕೂತರೆ ಬರಹಗಳೇ ಉಳಿದಿರುವುದಿಲ್ಲ. ಕನ್ನಡದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಡೇಟಾಬೇಸ್ ಎಕ್ಸ್‌ಪೋರ್ಟ್ ಮಾಡಿದ ಫೈಲನ್ನು ಯಾವುದಾದರೂ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ಒಂದು ಕವನ ಹುಡುಕಿ. ಕನ್ನಡ ಅಕ್ಷರ ಕಂಡರೆ ಸರಿ. ಅರ್ಥವಿಲ್ಲದ ಚಿಹ್ನೆಗಳ ಸಾಲು ಕಂಡರೆ ಎನ್‌ಕೋಡಿಂಗ್ (ಅಕ್ಷರಗಳನ್ನು ಕಂಪ್ಯೂಟರ್ ಉಳಿಸಿಡುವ ಕ್ರಮ) ತಪ್ಪಿದೆ ಎಂದು ಅರ್ಥ, ತಿಳಿದವರು ಅದನ್ನು ಬಹಳ ಸಲ ಸರಿಮಾಡಬಲ್ಲರು. ಆದರೆ ಅಕ್ಷರ ಇರಬೇಕಾದ ಕಡೆಯೆಲ್ಲ ಬರೀ ‘????’ ಇದ್ದರೆ ಆ ಪ್ರತಿಯಲ್ಲಿ ಪಠ್ಯ ಹೋದ ಹಾಗೇ, ವಾಪಸ್ ತರಲು ಆಗುವುದಿಲ್ಲ. ಹಳೇ ಸೆಟಿಂಗ್ ಇರುವ ಸರ್ವರ್‌ನಿಂದ ಬೇರೆ ಕಡೆಗೆ ಸಾಗಿಸುವಾಗ ಇದು ಆಗುವುದುಂಟು. ಹಾಗಾಗಿ ಹೊಸ ಸೈಟ್ ಮಾಡುವಾಗಲೇ ಡೇಟಾಬೇಸ್ ‘ಯುಟಿಎಫ್8ಎಂಬಿ4’ (utf8mb4) ಎನ್‌ಕೋಡಿಂಗ್‌ನಲ್ಲಿ ಇರಲಿ ಎಂದು ಮಾಡಿಕೊಡುವವರಿಗೆ ಹೇಳಿ.

ಡೊಮೇನ್ ಹೆಸರು, ಅಂದರೆ ಸೈಟಿನ ವಿಳಾಸ, ಸಂಘದ ಹೆಸರಿನಲ್ಲೇ ನೋಂದಣಿ ಆಗಲಿ. ಸೈಟ್ ಮಾಡಿಕೊಡುವ ಹುಡುಗ ತನ್ನ ಖಾತೆಯಲ್ಲಿ ಖರೀದಿಸುವುದು ತುಂಬಾ ಕಡೆ ನಡೆಯುತ್ತದೆ. ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಬೇಕಾಗಿಲ್ಲ, ಅವನಿಗೆ ಅದು ಸುಲಭ. ಆದರೆ ಅವನು ಕೆಲಸ ಬದಲಿಸಿ ಬೇರೆ ಊರಿಗೆ ಹೋದ ಮೇಲೆ ರಿನ್ಯೂವಲ್ ಮೇಲ್ ಅವನಿಗೇ ಹೋಗುತ್ತದೆ, ನಿಮಗಲ್ಲ. ಹೋಸ್ಟಿಂಗ್ ಹಾಳಾದರೆ ಬೇರೆ ಕಡೆ ಹಾಕಿಕೊಳ್ಳಬಹುದು, ಹೆಸರು ಕೈತಪ್ಪಿದರೆ ಬೇರೆಯವರು ಅದನ್ನು ಕೊಂಡುಬಿಡಬಹುದು. ಸಾಧ್ಯವಾದರೆ ಡೊಮೇನ್ ಒಂದು ಕಂಪನಿಯಲ್ಲಿ, ಹೋಸ್ಟಿಂಗ್ ಇನ್ನೊಂದರಲ್ಲಿ ಇರಲಿ. ಜಗಳವಾದರೂ ಹೆಸರು ನಿಮ್ಮ ಹತ್ತಿರವೇ ಇರುತ್ತದೆ.

ಬೇಸತ್ತು ಕಂಪನಿ ಬದಲಿಸುವವರು ಇನ್ನೊಂದನ್ನು ಗಮನಿಸಬೇಕು. ಬೇರೆ ಬೇರೆ ಹೆಸರುಗಳ ಹಿಂದೆ ಒಬ್ಬನೇ ಯಜಮಾನ ಇರಬಹುದು. 2013ರ ಆಗಸ್ಟ್‌ನಲ್ಲಿ ಅಮೆರಿಕದ ಯೂಟಾ ರಾಜ್ಯದ ಪ್ರೊವೊದಲ್ಲಿ ಒಂದು ಡೇಟಾ ಸೆಂಟರ್ ಕೈಕೊಟ್ಟಾಗ ಬ್ಲೂಹೋಸ್ಟ್, ಹೋಸ್ಟ್‌ಗೇಟರ್, ಹೋಸ್ಟ್‌ಮಾನ್‌ಸ್ಟರ್, ಜಸ್ಟ್‌ಹೋಸ್ಟ್ ಗ್ರಾಹಕರಿಗೆಲ್ಲ ಒಟ್ಟಿಗೇ ತೊಂದರೆಯಾಯಿತು. ಆಗ ನಾಲ್ಕೂ ಎಂಡ್ಯೂರೆನ್ಸ್ ಎಂಬ ಒಂದೇ ಕಂಪನಿಯ ಬ್ರ್ಯಾಂಡುಗಳಾಗಿದ್ದವು. ನಮ್ಮಲ್ಲಿ ಹೆಸರುವಾಸಿಯಾದ ಬಿಗ್‌ರಾಕ್ ಕೂಡ 2014ರಲ್ಲಿ ಅದೇ ಗುಂಪಿಗೆ ಸೇರಿತು. ಅದು ತಪ್ಪೇನಲ್ಲ, ಬದಲಿಸುವ ಮೊದಲು ಯಜಮಾನ ಯಾರು ಎಂದು ನೋಡಿಕೊಂಡರೆ ಸಾಕು.

ಸರ್ವರ್ ಎಲ್ಲಿರಬೇಕು? ಓದುಗರು ಇಲ್ಲಿಯವರಾದರೆ ಮುಂಬೈ ಒಳ್ಳೆಯದು, ಸಿಂಗಪುರ ಆದರೂ ಪರವಾಗಿಲ್ಲ. ಸೈಟಿನ ವಿಳಾಸ https ಎಂದು ಶುರುವಾಗಲು ಬೇಕಾದ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಬೇರೆ ದುಡ್ಡು ಕೇಳಿದರೆ ಕೊಡಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ನಿಮ್ಮಂಥ ಸೈಟಿಗೆ ಅದು ಸಾಕು.

ಸಪೋರ್ಟ್ ಹೇಗಿದೆ ಎಂದು ಪರೀಕ್ಷಿಸುವುದು ಸುಲಭ. ರಜಾದಿನ ರಾತ್ರಿ ಹತ್ತರ ಮೇಲೆ ಅವರ ಚಾಟ್‌ಗೆ ಹೋಗಿ, ‘ನನ್ನ ವರ್ಡ್‌ಪ್ರೆಸ್ ಸೈಟನ್ನು ನಿನ್ನೆ ಇದ್ದ ಸ್ಥಿತಿಗೆ ತರಬೇಕಾದರೆ ಏನು ಮಾಡಬೇಕು, ಎಷ್ಟು ಹೊತ್ತು ಬೇಕು?’ ಎಂದು ಕೇಳಿ. ಮಾರಾಟ ವಿಭಾಗದವರು ಕ್ಷಣದಲ್ಲಿ ಉತ್ತರಿಸುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಟೆಕ್ನಿಕಲ್ ವಿಭಾಗಕ್ಕೇ ಕೊಡಿ ಎನ್ನಿ. ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಹೇಳುವವರು ಸಿಕ್ಕರೆ ನಾನು ನೂರು ರೂಪಾಯಿ ಜಾಸ್ತಿ ಕೊಟ್ಟಾದರೂ ಅವರನ್ನೇ ಆರಿಸಿಕೊಳ್ಳುತ್ತೇನೆ.

ಮೊದಲ ಸಲ ಒಂದೇ ವರ್ಷದ ಪ್ಲಾನ್ ತಗೊಳ್ಳಿ, ದರ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ. ವಿದೇಶಿ ಕಂಪನಿಯಾದರೆ ಆಟೋ ರಿನ್ಯೂವಲ್ ನಂಬಿ ಕೂರಬೇಡಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್‌ನ ಇ-ಮ್ಯಾಂಡೇಟ್ (ತಾನಾಗಿ ಹಣ ಕಡಿಯಲು ಗ್ರಾಹಕರು ಮೊದಲೇ ಕೊಡುವ ಒಪ್ಪಿಗೆ) ನಿಯಮ ಬಂದ ಮೇಲೆ, ಆ ವ್ಯವಸ್ಥೆ ಮಾಡಿಕೊಳ್ಳದ ಕಂಪನಿಗಳಿಗೆ ನಮ್ಮ ಕಾರ್ಡ್‌ಗಳಿಂದ ಹಣ ತಾನಾಗಿ ಹೋಗುವುದಿಲ್ಲ. ಡೊಮೇನ್ ಮತ್ತು ಹೋಸ್ಟಿಂಗ್ ಮುಗಿಯುವ ತಾರೀಖುಗಳನ್ನು ಸಂಘದ ಕಾರ್ಯದರ್ಶಿ, ಖಜಾಂಚಿ ಇಬ್ಬರೂ ಫೋನಿನಲ್ಲಿ ಒಂದು ತಿಂಗಳ ಮುಂಚಿನ ರಿಮೈಂಡರ್ ಜೊತೆ ಹಾಕಿಕೊಳ್ಳಲಿ. ಪಾಸ್‌ವರ್ಡ್ ಕೂಡ ಇಬ್ಬರ ಹತ್ತಿರವೂ ಇರಲಿ.