ಯುಪಿಎಸ್ ಇದೆ, ಕಂಪ್ಯೂಟರ್‌ಗೆ ಸುದ್ದಿ ಇಲ್ಲ: ಸಂಪರ್ಕ ದೋಷ ಹುಡುಕುವ ಕ್ರಮ

ಕೊಡಗಿನಲ್ಲಿ ಯುಪಿಎಸ್ ಅಂದರೆ ಮೊದಲು ಬರುವ ಪ್ರಶ್ನೆ 'ಎಷ್ಟು ಹೊತ್ತು ಬರುತ್ತದೆ?' ಎನ್ನುವುದು. 600 ವಿಎ ಪೆಟ್ಟಿಗೆಯೊಳಗಿನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಒಂದು ಡೆಸ್ಕ್‌ಟಾಪನ್ನು ಹತ್ತರಿಂದ ಇಪ್ಪತ್ತು ನಿಮಿಷ ಎಳೆದೀತು. ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆಯಲ್ಲಿ ನಾಪೋಕ್ಲು, ಭಾಗಮಂಡಲದ ಕಡೆ ಲೈನ್ ಮೇಲೆ ಸಿಲ್ವರ್ ಮರ ಬಿದ್ದರೆ ಕರೆಂಟ್ ಬರುವುದು ಮಾರನೇ ದಿನವೂ ಆದೀತು. ಇಪ್ಪತ್ತು ನಿಮಿಷವನ್ನು ನಲವತ್ತು ಮಾಡಿದರೂ ಅಲ್ಲಿ ಏನೂ ಸಾಗುವುದಿಲ್ಲ. ತೋಟದ ಆಫೀಸಿನಲ್ಲಿ ರಾತ್ರಿ ಯಾರೂ ಇಲ್ಲದಾಗ ಲೆಕ್ಕದ ಕಂಪ್ಯೂಟರ್ ತಾನಾಗಿಯೇ ಫೈಲ್ ಮುಚ್ಚಿ ಶಟ್‌ಡೌನ್ ಆಗಬೇಕು, ಅಷ್ಟೇ. ಅದಕ್ಕೆ 'ಕರೆಂಟ್ ಹೋಗಿದೆ' ಎಂಬ ಸುದ್ದಿ ಡೇಟಾ ಕೇಬಲ್ ಮೂಲಕ ಕಂಪ್ಯೂಟರ್‌ಗೆ ಮುಟ್ಟಬೇಕು. ಆ ಸುದ್ದಿ ಎಲ್ಲಿ ಕಡಿದುಹೋಗಿದೆ ಎಂದು ಕೆಳಗಿನಿಂದ ಮೇಲಕ್ಕೆ ಹುಡುಕುವ ಕ್ರಮ ಈ ಟಿಪ್ಪಣಿಯಲ್ಲಿದೆ: ಮೊದಲು ಕೇಬಲ್, ಆಮೇಲೆ ಸಾಧನದ ಗುರುತು, ಆಮೇಲೆ ಡ್ರೈವರ್, ಕೊನೆಗೆ ಸಾಫ್ಟ್‌ವೇರ್. ಹೆಚ್ಚಿನವರು ಕೊನೆಯಿಂದ ಶುರುಮಾಡಿ ಸಾಫ್ಟ್‌ವೇರನ್ನು ಮೂರು ಸಲ ಹಾಕಿ ತೆಗೆಯುತ್ತಾರೆ. ದೋಷ ಒಂದು ಚಾರ್ಜಿಂಗ್ ಕೇಬಲ್‌ನಲ್ಲಿರುತ್ತದೆ.

ಪೋರ್ಟ್ ಯಾವುದು

ಮನೆಗೆ ಹಾಕುವ ಸಾಮಾನ್ಯ ಇನ್ವರ್ಟರ್‌ಗಳಲ್ಲಿ ಬಹುಪಾಲಿಗೆ ಡೇಟಾ ಪೋರ್ಟೇ ಇರುವುದಿಲ್ಲ. ಅದರ ಮೇಲಿರುವ 'ಯುಪಿಎಸ್ ಮೋಡ್' ಸ್ವಿಚ್ ಬದಲಾಯಿಸುವುದು ವೋಲ್ಟೇಜ್ ಮಿತಿಯನ್ನು ಮತ್ತು ಬ್ಯಾಟರಿಗೆ ಹೊರಳುವ ವೇಗವನ್ನು ಮಾತ್ರ. ಅಂಥದ್ದರಲ್ಲಿ ಸಂಪರ್ಕ ದೋಷ ಹುಡುಕುವುದು ವ್ಯರ್ಥ.

ಪೋರ್ಟ್ ಇರುವವುಗಳಲ್ಲಿ ಮೂರು ಬಗೆ ಸಿಗುತ್ತವೆ. ಮೊದಲನೆಯದು ಹಳೆಯ ಕಾಂಟ್ಯಾಕ್ಟ್ ಕ್ಲೋಶರ್. ಒಂಬತ್ತು ಪಿನ್‌ನ ಪೋರ್ಟಿನಲ್ಲಿ ರಿಲೇ ಅಥವಾ ಟ್ರಾನ್ಸಿಸ್ಟರ್ ಒಂದು ತಂತಿಯನ್ನು ಮುಚ್ಚಿ ತೆರೆಯುತ್ತದೆ. 'ಬ್ಯಾಟರಿಯಲ್ಲಿದೆ', 'ಬ್ಯಾಟರಿ ಮುಗಿಯುತ್ತಿದೆ' ಎಂಬ ಎರಡು ಸುದ್ದಿ ಬಿಟ್ಟರೆ ಅದರಲ್ಲಿ ಇನ್ನೇನೂ ಇಲ್ಲ. ವೋಲ್ಟೇಜ್, ಶೇಕಡಾವಾರು ಚಾರ್ಜ್ ತೋರಿಸುತ್ತಿಲ್ಲ ಎಂದರೆ ಅದು ದೋಷವಲ್ಲ. ಎರಡನೆಯದು ಸೀರಿಯಲ್, ಅಂದರೆ ಆರ್‌ಎಸ್-232 ಮೇಲೆ ಅಕ್ಷರಗಳಲ್ಲಿ ಪ್ರಶ್ನೆ-ಉತ್ತರ. ಮೂರನೆಯದು ಯುಎಸ್‌ಬಿ. ಇದರೊಳಗೂ ಎರಡು ಜಾತಿ ಇದೆ, ಅದು ಮುಂದೆ ಬರುತ್ತದೆ.

ಕೇಬಲ್

ಎಪಿಸಿ ಕಂಪನಿಯ ಬ್ಯಾಕ್-ಯುಪಿಎಸ್ ಹಿಂಭಾಗದಲ್ಲಿ ಲ್ಯಾನ್ ಪೋರ್ಟಿನಂತೆ ಕಾಣುವ ತೂತುಗಳು ಒಂದಕ್ಕಿಂತ ಹೆಚ್ಚು ಇರಬಹುದು. ಅವುಗಳಲ್ಲಿ ಒಂದು 10 ಪಿನ್‌ನ ಆರ್‌ಜೆ-50 ಡೇಟಾ ಪೋರ್ಟ್. ಅದಕ್ಕೆ ಒಂದು ತುದಿಯಲ್ಲಿ ಆರ್‌ಜೆ-50, ಇನ್ನೊಂದರಲ್ಲಿ ಯುಎಸ್‌ಬಿ ಇರುವ 940-0127ಬಿ ಎಂಬ ಕೇಬಲ್ ಬೇಕು. 8 ಪಿನ್‌ನ ಲ್ಯಾನ್ ಪ್ಲಗ್ ಅದರೊಳಗೆ ಹೋಗಿ ಕೂರುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಪಕ್ಕದಲ್ಲಿರುವ ಲ್ಯಾನ್ ಮತ್ತು ಫೋನ್ ತೂತುಗಳು ಸಿಡಿಲು-ಸರ್ಜ್ ತಡೆಯುವುದಕ್ಕೆ ಇರುವವು. ಯುಪಿಎಸ್‌ನ ಮಾಹಿತಿ ಅವುಗಳಿಂದ ಬರುವುದಿಲ್ಲ.

ಎಪಿಸಿ ಸ್ಮಾರ್ಟ್-ಯುಪಿಎಸ್‌ನ ಒಂಬತ್ತು ಪಿನ್ ಪೋರ್ಟಿಗೆ ಅಂಗಡಿಯ ಸಾದಾ ಸೀರಿಯಲ್ ಕೇಬಲ್ ಹಾಕಲೇಬೇಡಿ. ಅಲ್ಲಿನ ಪಿನ್ ಜೋಡಣೆಯೇ ಬೇರೆ. ಸಾದಾ ಕೇಬಲ್ ಸಿಕ್ಕಿಸಿದ ಕ್ಷಣ ಯುಪಿಎಸ್ ತನ್ನ ಔಟ್‌ಪುಟ್ ಕಡಿದು, ಅದರ ಮೇಲಿದ್ದ ಸರ್ವರ್ ಬಿದ್ದುಹೋಗಬಹುದು. ಬೇಕಾದದ್ದು 940-0024ಸಿ ಕೇಬಲ್. ಅದು ಕೈಗೆ ಸಿಗದಿದ್ದರೆ ಮೂರು ತಂತಿಯಲ್ಲಿ ಮಾಡಿಕೊಳ್ಳಬಹುದು: ಕಂಪ್ಯೂಟರ್ ಕಡೆಯ 2ಕ್ಕೆ ಯುಪಿಎಸ್‌ನ 2, 3ಕ್ಕೆ 1, 5ಕ್ಕೆ 9. ಬೆಸುಗೆ ಮುಗಿದ ಮೇಲೆ ಮಲ್ಟಿಮೀಟರ್ ಬೀಪ್ ಮೋಡಿನಲ್ಲಿ ಒಂದೊಂದನ್ನೂ ನೋಡಿ. ಈ ಮೂರು ಬಿಟ್ಟು ಬೇರೆ ಯಾವ ಪಿನ್ ನಡುವೆಯೂ ಬೀಪ್ ಬರಬಾರದು.

ಯುಎಸ್‌ಬಿಯಲ್ಲಿ ಪ್ರಿಂಟರ್‌ಗೆ ಹಾಕುವ ಎ-ಬಿ ಕೇಬಲ್ ಸಾಕು. ಉದ್ದ 5 ಮೀಟರ್ ಮೀರಬಾರದು, 1.8 ಮೀಟರ್ ಒಳಗಿದ್ದರೆ ಇನ್ನೂ ಒಳ್ಳೆಯದು. ನಾಲ್ಕು ತಂತಿಗಳೂ ತುದಿಯಿಂದ ತುದಿಗೆ ಹೋಗಿರಬೇಕು. 1 ಮತ್ತು 4 ಮಾತ್ರ ಬೀಪ್ ಆಗಿ 2, 3 ಆಗದಿದ್ದರೆ ಅದು ಕರೆಂಟ್ ಮಾತ್ರ ಸಾಗಿಸುವ ಕೇಬಲ್. ಹಬ್ ಮೂಲಕ ಕೊಡಬೇಡಿ. ಡೆಸ್ಕ್‌ಟಾಪ್‌ನ ಹಿಂದಿನ, ಮದರ್‌ಬೋರ್ಡ್‌ಗೆ ಸೇರಿದ ಪೋರ್ಟನ್ನೇ ಬಳಸಿ.

ಸಾಧನದ ಗುರುತು

ಲಿನಕ್ಸ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಟ್ಟರೆ ಪ್ರತಿ ಸಾಧನಕ್ಕೂ ಕೋಲನ್ ಮಧ್ಯೆ ಇರುವ ಎರಡು ಸಂಖ್ಯೆ ಸಿಗುತ್ತವೆ. 051ಡಿ ಎಪಿಸಿ, 0463 ಈಟನ್, 0764 ಸೈಬರ್‌ಪವರ್. 0665:5161 ಬಂದರೆ ಅದು ಯುಪಿಎಸ್ ಕಂಪನಿಯ ಸಂಖ್ಯೆಯೇ ಅಲ್ಲ, ಒಳಗಿರುವ ಸೈಪ್ರೆಸ್ ಚಿಪ್ಪಿನ ಗುರುತು. ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಯುಪಿಎಸ್‌ಗಳು ಇದೇ ಗುರುತನ್ನು ಹೊತ್ತಿವೆ. ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಡ್ರೈವರ್ ಹುಡುಕಿದರೆ ದಾರಿ ತಪ್ಪುವುದು ಇಲ್ಲೇ.

ಸಾಲೇ ಕಾಣದಿದ್ದರೆ ಲಿನಕ್ಸ್‌ನ ಒಳಗಿನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ (dmesg) ಕಮಾಂಡ್ ಕೊಟ್ಟು ನೋಡಿ. 'ಡಿಸ್ಕ್ರಿಪ್ಟರ್ ರೀಡ್, ಎರರ್ -71' ಎಂದಿದ್ದರೆ ವಿದ್ಯುತ್ ಸಂಪರ್ಕ ಇದೆ, ಸಂಕೇತ ಕೆಟ್ಟು ಬರುತ್ತಿದೆ: ಕೇಬಲ್, ಸಡಿಲ ಪೋರ್ಟ್, ತುಕ್ಕು. -110 ಬಂದರೆ ಯುಪಿಎಸ್ ಉತ್ತರಿಸುತ್ತಲೇ ಇಲ್ಲ. ಆಗ ಅದರ ಸಂಪರ್ಕ ಸರ್ಕ್ಯೂಟ್ ಸಿಕ್ಕಿಹಾಕಿಕೊಂಡಿರುವ ಸಾಧ್ಯತೆ ಹೆಚ್ಚು. ಮುಂದಿನ ಬಟನ್ ಒತ್ತಿ ಆಫ್ ಮಾಡಿದರೆ ಅದು ಸರಿಹೋಗದು, ಬ್ಯಾಟರಿಯಿಂದ ಆ ಸರ್ಕ್ಯೂಟ್‌ಗೆ ವಿದ್ಯುತ್ ಹೋಗುತ್ತಲೇ ಇರುತ್ತದೆ. ಕಂಪ್ಯೂಟರ್ ಶಟ್‌ಡೌನ್ ಮಾಡಿ, ಗೋಡೆಯಿಂದ ಪ್ಲಗ್ ತೆಗೆದು, ಬ್ಯಾಟರಿಯ ಒಂದು ತಂತಿಯನ್ನು ಒಂದೆರಡು ನಿಮಿಷ ಬಿಚ್ಚಿಟ್ಟು ಮತ್ತೆ ಜೋಡಿಸಿ.

ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು 'ಬ್ಯಾಟರೀಸ್' ಕೆಳಗೆ 'ಎಚ್‌ಐಡಿ ಯುಪಿಎಸ್ ಬ್ಯಾಟರಿ' ಇದೆಯೇ ನೋಡಿ. ಇದ್ದರೆ ಅದು ಯುಎಸ್‌ಬಿಯ ಪವರ್ ಡಿವೈಸ್ ವರ್ಗಕ್ಕೆ ಸೇರಿದ್ದು. ಟಾಸ್ಕ್‌ಬಾರ್‌ನಲ್ಲಿ ಲ್ಯಾಪ್‌ಟಾಪ್‌ನಂತೆ ಬ್ಯಾಟರಿ ಚಿತ್ರ ಬರುತ್ತದೆ, ಬೇರೆ ಸಾಫ್ಟ್‌ವೇರ್ ಇಲ್ಲದೆಯೇ ಪವರ್ ಆಪ್ಶನ್ಸ್‌ನಲ್ಲಿ ಶಟ್‌ಡೌನ್ ಹೊಂದಿಸಬಹುದು. 0665:5161 ಇದ್ದರೆ ಆ ಚಿತ್ರ ಎಂದಿಗೂ ಬರುವುದಿಲ್ಲ. ಸಾದಾ ಎಚ್‌ಐಡಿ (ಕೀಬೋರ್ಡ್, ಮೌಸ್ ಸೇರುವ ಯುಎಸ್‌ಬಿ ವರ್ಗ) ಸಾಧನವಾಗಿ ಮಾತ್ರ ಕಾಣುತ್ತದೆ, ತಯಾರಕರ ಸಾಫ್ಟ್‌ವೇರ್ ಬೇಕೇ ಬೇಕು. ಬ್ಯಾಟರಿ ಚಿತ್ರ ಇಲ್ಲ ಎಂದು ಒಳ್ಳೆಯ ಯುಪಿಎಸ್ಸನ್ನು ಅಂಗಡಿಗೆ ವಾಪಸ್ ಕೊಡುವವರಿದ್ದಾರೆ.

ನೇರವಾಗಿ ಕೇಳಿ ನೋಡುವುದು

ಸೀರಿಯಲ್ ಪೋರ್ಟ್ ಇದ್ದರೆ ಒಂದು ದೊಡ್ಡ ಅನುಕೂಲ, ನಡುವೆ ಯಾವ ಸಾಫ್ಟ್‌ವೇರೂ ಇಲ್ಲದೆ ಯುಪಿಎಸ್ಸನ್ನು ಪ್ರಶ್ನಿಸಬಹುದು. ಪುಟ್ಟಿಯಂಥ ಟರ್ಮಿನಲ್ ತೆರೆದು 2400 ಬಾಡ್ (ಸಂಕೇತ ಸಾಗುವ ವೇಗ), 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್, ಫ್ಲೋ ಕಂಟ್ರೋಲ್ ಇಲ್ಲ ಎಂದು ಹೊಂದಿಸಿ. ಮೊದಲು ಯುಪಿಎಸ್ ಬಿಟ್ಟು, ಕಂಪ್ಯೂಟರ್ ಕಡೆಯ 2 ಮತ್ತು 3ನೇ ಪಿನ್‌ಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ ಏನಾದರೂ ಟೈಪ್ ಮಾಡಿ. ಅದೇ ಅಕ್ಷರ ತಿರುಗಿ ಬಂದರೆ ಪೋರ್ಟ್ ಸರಿ ಇದೆ. ಈ ಪರೀಕ್ಷೆಗೆ ಲೋಕಲ್ ಎಕೋ (ಟೈಪ್ ಮಾಡಿದ್ದನ್ನು ಟರ್ಮಿನಲ್ ತಾನೇ ತೋರಿಸುವುದು) ಆಫ್ ಇರಬೇಕು, ಇಲ್ಲವಾದರೆ ಸತ್ತ ಪೋರ್ಟೂ ಬದುಕಿರುವಂತೆ ಕಾಣುತ್ತದೆ.

ಆಮೇಲೆ ಯುಪಿಎಸ್ ಜೋಡಿಸಿ. ಎಪಿಸಿ ಸ್ಮಾರ್ಟ್ ಆದರೆ ದೊಡ್ಡಕ್ಷರದ 'ವೈ' ಒಂದನ್ನೇ ಒತ್ತಿ. 'ಎಸ್‌ಎಂ' ಎಂಬ ಉತ್ತರ ಬರಬೇಕು. ಮೆಗಾಟೆಕ್ (ಹಲವು ಕಂಪನಿಗಳ ಯುಪಿಎಸ್‌ಗಳು ಬಳಸುವ ಪ್ರಶ್ನೆ-ಉತ್ತರದ ಪ್ರೋಟೋಕಾಲ್) ಜಾತಿಯದಾದರೆ 'ಕ್ಯೂ1' ಟೈಪ್ ಮಾಡಿ ಎಂಟರ್ ಒತ್ತಿ. ಹೀಗೊಂದು ಸಾಲು ಬರುತ್ತದೆ:

(196.4 196.4 221.0 021 49.8 13.6 27.0 00101001

ಎಡದಿಂದ ಓದಿ. ಒಳಬರುವ ವೋಲ್ಟೇಜ್, ಹಿಂದಿನ ದೋಷದ ವೇಳೆಯ ವೋಲ್ಟೇಜ್, ಹೊರಹೋಗುವ ವೋಲ್ಟೇಜ್, ಲೋಡ್ ಶೇಕಡಾ, ಫ್ರೀಕ್ವೆನ್ಸಿ, ಬ್ಯಾಟರಿ ವೋಲ್ಟೇಜ್, ಉಷ್ಣತೆ, ಕೊನೆಯಲ್ಲಿ ಎಂಟು ಸ್ಥಿತಿ ಬಿಟ್‌ಗಳು. ಬಿಟ್‌ಗಳಲ್ಲಿ ಎಡತುದಿಯದು 1 ಆದರೆ ಕರೆಂಟ್ ಹೋಗಿದೆ. ಎರಡನೆಯದು ಬ್ಯಾಟರಿ ಇಳಿದಿದೆ, ಮೂರನೆಯದು ವೋಲ್ಟೇಜ್ ಏರಿಸುವ ಅಥವಾ ಬೈಪಾಸ್ ಸ್ಥಿತಿ, ನಾಲ್ಕನೆಯದು ಯುಪಿಎಸ್ಸೇ ಕೆಟ್ಟಿದೆ, ಐದನೆಯದು ಸ್ಟ್ಯಾಂಡ್‌ಬೈ ಬಗೆಯದು, ಆರನೆಯದು ಪರೀಕ್ಷೆ ನಡೆಯುತ್ತಿದೆ, ಏಳನೆಯದು ಶಟ್‌ಡೌನ್ ಶುರುವಾಗಿದೆ, ಎಂಟನೆಯದು ಬೀಪರ್ ಆನ್ ಇದೆ. ಮೇಲಿನ ಮಾದರಿಯಲ್ಲಿ ಲೈನ್ ವೋಲ್ಟೇಜ್ 196ಕ್ಕೆ ಇಳಿದಿದೆ, ಯುಪಿಎಸ್ ಅದನ್ನು 221ಕ್ಕೆ ಏರಿಸಿ ಕೊಡುತ್ತಿದೆ. ಟ್ರಾನ್ಸ್‌ಫಾರ್ಮರ್‌ನಿಂದ ದೂರದ ತೋಟದ ಮನೆಗಳಲ್ಲಿ ಸಂಜೆ ಹೊತ್ತು ಕಾಣಸಿಗುವ ಚಿತ್ರವೇ ಇದು. ಆನ್‌ಲೈನ್ ಬಗೆಯ ಯುಪಿಎಸ್‌ನಲ್ಲಿ ಬ್ಯಾಟರಿ ಜಾಗದಲ್ಲಿ 2.27ರಂಥ ಸಂಖ್ಯೆ ಬಂದರೆ ಗಾಬರಿ ಬೇಡ, ಅದು ಒಂದು ಸೆಲ್ಲಿನ ವೋಲ್ಟೇಜ್.

ನೀವು ಕಳಿಸಿದ 'ಕ್ಯೂ1' ಹಾಗೆಯೇ ತಿರುಗಿ ಬಂದರೆ ಯುಪಿಎಸ್‌ಗೆ ಆ ಕಮಾಂಡ್ ಅರ್ಥವಾಗಿಲ್ಲ, ಪ್ರೋಟೋಕಾಲ್ ಬೇರೆ. ವಕ್ರವಕ್ರ ಚಿಹ್ನೆ ಬಂದರೆ ಬಾಡ್ ತಪ್ಪಾಗಿದೆ. ಏನೂ ಬಾರದಿದ್ದರೆ ತಂತಿ. ಮಲ್ಟಿಮೀಟರ್‌ನಲ್ಲಿ ಕಂಪ್ಯೂಟರ್ ಕಡೆಯ 5ನೇ ಪಿನ್‌ಗೆ ಕಪ್ಪು, 3ಕ್ಕೆ ಕೆಂಪು ಇಟ್ಟರೆ ಸುಮ್ಮನಿರುವಾಗ ಮೈನಸ್ 5ರಿಂದ ಮೈನಸ್ 12 ವೋಲ್ಟ್ ಆಸುಪಾಸು ಇರಬೇಕು. ಸೊನ್ನೆ ಇದ್ದರೆ ಪೋರ್ಟ್ ಅಥವಾ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಸತ್ತಿದೆ. ಅಡಾಪ್ಟರ್ ಬಳಸುವವರಿಗೆ ಇನ್ನೊಂದು ಮಾತು: ಬೇರೆ ತೂತಿಗೆ ಹಾಕಿದರೆ ಕಾಮ್ ಪೋರ್ಟಿನ ಸಂಖ್ಯೆ ಬದಲಾಗಬಹುದು, ಸಾಫ್ಟ್‌ವೇರ್ ಹಳೆಯದನ್ನೇ ಕಾಯುತ್ತಿರುತ್ತದೆ.

ಡ್ರೈವರ್ ಮತ್ತು ಸಂದೇಶಗಳು

ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಯುಪಿಎಸ್ ಟೂಲ್ಸ್, ಅಂದರೆ ನಟ್, ಮೂರು ಭಾಗವಾಗಿ ಓಡುತ್ತದೆ. ಯುಪಿಎಸ್ ಜೊತೆ ವ್ಯವಹರಿಸುವ ಡ್ರೈವರ್, ಮಾಹಿತಿಯನ್ನು 3493ನೇ ಪೋರ್ಟಿನಲ್ಲಿ ಹಂಚುವ ಸರ್ವರ್, ಶಟ್‌ಡೌನ್ ಮಾಡಿಸುವ ಮಾನಿಟರ್. ಯುಪಿಎಸ್‌ಸಿ ಕಮಾಂಡ್ (ನಾಗರಿಕ ಸೇವಾ ಪರೀಕ್ಷೆಯಲ್ಲ) ಕೊಟ್ಟಾಗ ಬರುವ ದೋಷ ಸಂದೇಶವೇ ಯಾವ ಭಾಗ ಬಿದ್ದಿದೆ ಎಂದು ಹೇಳುತ್ತದೆ. 'ಕನೆಕ್ಷನ್ ರೆಫ್ಯೂಸ್ಡ್' ಎಂದರೆ ಸರ್ವರೇ ಓಡುತ್ತಿಲ್ಲ. ನಟ್ ಸಂರಚನೆಯಲ್ಲಿ 'ಮೋಡ್' ಎಂಬುದು 'ನನ್' ಎಂದೇ ಉಳಿದಿರಬಹುದು, ಒಂಟಿ ಕಂಪ್ಯೂಟರ್‌ಗೆ ಅದನ್ನು 'ಸ್ಟ್ಯಾಂಡ್‌ಅಲೋನ್' ಮಾಡಬೇಕು. 'ಡ್ರೈವರ್ ನಾಟ್ ಕನೆಕ್ಟೆಡ್' ಎಂದರೆ ಸರ್ವರ್ ಇದೆ, ಡ್ರೈವರ್ ಎದ್ದಿಲ್ಲ. 'ಡೇಟಾ ಸ್ಟೇಲ್' ಎಂದರೆ ಡ್ರೈವರ್ ಎದ್ದಿತ್ತು, ಯುಪಿಎಸ್ ಜೊತೆಗಿನ ಕೊಂಡಿ ನಡುವೆ ತಪ್ಪಿದೆ. ಮೂರನ್ನೂ ಒಂದೇ ಎಂದು ತಿಳಿದು ಎಲ್ಲವನ್ನೂ ರೀಸ್ಟಾರ್ಟ್ ಮಾಡಿದರೆ ಕಾರಣ ಅಳಿಸಿಹೋಗುತ್ತದೆ.

ಎಪಿಸಿ, ಈಟನ್, ಸೈಬರ್‌ಪವರ್‌ನ ಯುಎಸ್‌ಬಿ ಮಾದರಿಗಳಲ್ಲಿ ಹೆಚ್ಚಿನವಕ್ಕೆ ಯುಎಸ್‌ಬಿಎಚ್‌ಐಡಿ-ಯುಪಿಎಸ್ ಡ್ರೈವರ್, 0665:5161ಕ್ಕೆ ನಟ್‌ಡಿಆರ್‌ವಿ-ಕ್ಯೂಎಕ್ಸ್. ರೂಟ್ ಆಗಿ ಓಡಿಸಿದರೆ ಕೆಲಸ ಮಾಡಿ, ಸೇವೆಯಾಗಿ ಓಡಿಸಿದರೆ ಅನುಮತಿ ಇಲ್ಲ ಎಂದರೆ ಸಾಧನವನ್ನು ಯಾರು ಬಳಸಬಹುದೆಂದು ತೀರ್ಮಾನಿಸುವ ಯುಡೆವ್ ನಿಯಮ ಇನ್ನೂ ಜಾರಿಯಾಗಿಲ್ಲ. ಸಾಮಾನ್ಯವಾಗಿ ಕೇಬಲ್ ಕಿತ್ತು ಮತ್ತೆ ಹಾಕಿದರೆ ಸಾಕು. ನಟ್ ಬದಲು ಎಪಿಸಿಗೆಂದೇ ಇರುವ ಎಪಿಸಿಯುಪಿಎಸ್‌ಡಿ ಬಳಸುವವರು ಕೇಬಲ್ ಮತ್ತು ಟೈಪ್ ಎರಡನ್ನೂ 'ಯುಎಸ್‌ಬಿ' ಮಾಡಿ, ಡಿವೈಸ್ ಸಾಲನ್ನು ಖಾಲಿ ಬಿಡಬೇಕು. ಹಳೆಯ ಸೀರಿಯಲ್ ದಾರಿ ಅಲ್ಲೇ ಉಳಿದರೆ 'ಕಾಮ್‌ಲಾಸ್ಟ್', ಅಂದರೆ ಸಂಪರ್ಕ ತಪ್ಪಿದೆ ಎಂಬ ಸಂದೇಶ, ಬರುತ್ತದೆ. ನಟ್ ಮತ್ತು ಎಪಿಸಿಯುಪಿಎಸ್‌ಡಿ ಎರಡನ್ನೂ ಒಂದೇ ಯುಪಿಎಸ್ ಮೇಲೆ ಬಿಡಬೇಡಿ.

ಬಂದು ಹೋಗುವ ಸಂಪರ್ಕ

ಗಂಟೆಗೊಮ್ಮೆ ಕಡಿದು ತಾನೇ ಸರಿಹೋಗುವ ದೋಷ ಎಲ್ಲಕ್ಕಿಂತ ಕಿರಿಕಿರಿಯದು. ಮೊದಲ ಅನುಮಾನ ಯುಎಸ್‌ಬಿ ಪವರ್ ಉಳಿತಾಯದ ಮೇಲೆ. ವಿಂಡೋಸ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿನಲ್ಲಿ ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡುವ ಗುರುತು ತೆಗೆಯಿರಿ, ಪವರ್ ಪ್ಲಾನ್‌ನಲ್ಲಿ ಸೆಲೆಕ್ಟಿವ್ ಸಸ್ಪೆಂಡ್ ನಿಲ್ಲಿಸಿ.

ಎರಡನೆಯದು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗೋಡೆಗಳೇ ಬೆವರುತ್ತವೆ. ಯುಪಿಎಸ್ಸನ್ನು ನೆಲದ ಮೇಲೆ, ಗೋಡೆಗೆ ಒತ್ತಿ ಇಡಬೇಡಿ. ಸಂಪರ್ಕ ಬಿಂದುಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನಾಲ್ಕೈದು ಸಲ ಹಾಕಿ ತೆಗೆಯಿರಿ.

ಮೂರನೆಯದು ಅರ್ಥಿಂಗ್. ಅರ್ಥ್ ಇಲ್ಲದ ಸಾಕೆಟ್ಟಿನಲ್ಲಿ ಕಂಪ್ಯೂಟರ್‌ನ ಲೋಹದ ಕವಚ, ಪವರ್ ಸಪ್ಲೈ ಫಿಲ್ಟರ್ ಕೆಪಾಸಿಟರ್‌ಗಳಿಂದಾಗಿ, ಸುಮಾರು 115 ವೋಲ್ಟ್‌ನಲ್ಲಿ ತೇಲುತ್ತದೆ. ಮುಟ್ಟಿದರೆ ಜುಮ್ಮೆನ್ನುವುದು ಅದೇ. ಯುಪಿಎಸ್ ಒಂದು ಸಾಕೆಟ್ಟಿನಲ್ಲಿ, ಅದೇ ಕಂಪ್ಯೂಟರ್‌ಗೆ ಸೇರಿದ ಪ್ರಿಂಟರ್ ಇನ್ನೊಂದರಲ್ಲಿ ಇದ್ದರೆ ಆ ವ್ಯತ್ಯಾಸದ ಕರೆಂಟ್ ಡೇಟಾ ಕೇಬಲ್ಲಿನ ಹೊದಿಕೆಯ ಮೂಲಕ ಹರಿಯುತ್ತದೆ. ಸಂಪರ್ಕ ಕಡಿಯುವುದಲ್ಲದೆ ಪೋರ್ಟೂ ಸುಡಬಹುದು. ನ್ಯೂಟ್ರಲ್-ಅರ್ಥ್ ನಡುವೆ ಅಳೆದು ನೋಡಿ. ಎರಡು ಮೂರು ವೋಲ್ಟ್ ದಾಟಿದರೆ ವೈರಿಂಗ್ ಮಾಡುವವರನ್ನು ಕರೆಯಿರಿ, ಸಾಫ್ಟ್‌ವೇರ್ ಕಡೆ ನೋಡಬೇಡಿ.

ಡೀಸೆಲ್ ಜನರೇಟರ್ ಓಡುವಾಗ ಯುಪಿಎಸ್ ನಿಮಿಷಕ್ಕೆ ಹತ್ತು ಸಲ 'ಬ್ಯಾಟರಿ, ಲೈನ್' ಎಂದು ಹೊಯ್ದಾಡಿದರೆ ಅದು ಸಂಪರ್ಕ ದೋಷವಲ್ಲ. ಫ್ರೀಕ್ವೆನ್ಸಿ, ವೋಲ್ಟೇಜ್ ಅಲುಗಾಡುವುದನ್ನು ಅದು ಸರಿಯಾಗಿಯೇ ವರದಿ ಮಾಡುತ್ತಿದೆ. ಸೆನ್ಸಿಟಿವಿಟಿ ಇಳಿಸುವ ಅವಕಾಶ ಇದ್ದರೆ ಇಳಿಸಿ.

ಪರೀಕ್ಷೆ

ಪ್ಲಗ್ ಕಿತ್ತು ಪರೀಕ್ಷಿಸಬೇಡಿ, ಅರ್ಥ್ ಕೂಡ ಹೋಗುತ್ತದೆ. ಗೋಡೆಯ ಸ್ವಿಚ್ ಆಫ್ ಮಾಡಿ, ಅದು ಫೇಸ್ ಮಾತ್ರ ಕಡಿಯುತ್ತದೆ. ಕೆಲವು ಸೆಕೆಂಡಿನಲ್ಲಿ ಸ್ಥಿತಿ 'ಓಎಲ್' (ಲೈನ್‌ನಲ್ಲಿದೆ) ಇದ್ದದ್ದು 'ಓಬಿ' (ಬ್ಯಾಟರಿಯಲ್ಲಿದೆ) ಆಗಬೇಕು, ಸ್ವಿಚ್ ಹಾಕಿದರೆ ಮರಳಬೇಕು.

ಬ್ಯಾಟರಿ ಹಳೆಯದಾಗಿದ್ದರೆ 'ಎಲ್‌ಬಿ', ಅಂದರೆ ಬ್ಯಾಟರಿ ಇಳಿದ ಸೂಚನೆ, ಬರುವ ಮೊದಲೇ ಔಟ್‌ಪುಟ್ ಸತ್ತುಹೋಗುತ್ತದೆ. ಮೆಗಾಟೆಕ್ ಜಾತಿಯಲ್ಲಿ ಕ್ಯೂ1 ಉತ್ತರದೊಳಗೆ ಚಾರ್ಜ್ ಶೇಕಡಾ ಇಲ್ಲವೇ ಇಲ್ಲ, ಸಾಫ್ಟ್‌ವೇರ್ ವೋಲ್ಟೇಜ್ ನೋಡಿ ಊಹಿಸುತ್ತದೆ. ಹಾಗಾಗಿ ಇಲ್ಲಿನ ಮಳೆಗಾಲಕ್ಕೆ 'ಎಲ್‌ಬಿ' ಕಾಯುವ ಹೊಂದಿಕೆ ನನಗೆ ಸರಿಕಾಣುವುದಿಲ್ಲ. ನಟ್‌ನ ಟೈಮರ್ ಭಾಗವಾದ ಯುಪಿಎಸ್‌ಶೆಡ್‌ನಲ್ಲಿ 120 ಸೆಕೆಂಡಿನ ಟೈಮರ್ ಇಟ್ಟು, ಕರೆಂಟ್ ಮರಳಿದರೆ ರದ್ದು, ಇಲ್ಲವಾದರೆ ಶಟ್‌ಡೌನ್ ಎಂದು ಬರೆಯಿರಿ.

ಕೊನೆಯದು, ಕರೆಂಟ್ ಬಂದ ಮೇಲೆ ಕಂಪ್ಯೂಟರ್ ಏಳುವುದು. ಬಯೋಸ್‌ನಲ್ಲಿ ಎಸಿ ಪವರ್ ಮರಳಿದಾಗ 'ಪವರ್ ಆನ್' ಎಂದಿರಬೇಕು. ಆದರೆ ಶಟ್‌ಡೌನ್ ಆಗುತ್ತಿರುವಾಗಲೇ ಕರೆಂಟ್ ಬಂದರೆ ಯುಪಿಎಸ್ ಔಟ್‌ಪುಟ್ ಕಡಿಯುವುದೇ ಇಲ್ಲ, ಕಂಪ್ಯೂಟರ್ ಮಲಗಿಯೇ ಇರುತ್ತದೆ. ಅದಕ್ಕೆ ಶಟ್‌ಡೌನ್‌ನ ಕೊನೆಗೆ ಯುಪಿಎಸ್‌ಗೆ ಕಡಿದು ಮತ್ತೆ ಕೊಡುವ ಕಮಾಂಡ್ ಹೋಗಬೇಕು. ಯುಎಸ್‌ಬಿಎಚ್‌ಐಡಿ-ಯುಪಿಎಸ್‌ನಲ್ಲಿ ಕಡಿಯುವ ವಿಳಂಬ 20 ಸೆಕೆಂಡ್, ಮತ್ತೆ ಕೊಡುವ ವಿಳಂಬ 30 ಸೆಕೆಂಡ್ ಎಂದು ಮೊದಲೇ ಹೊಂದಿಸಿರುತ್ತದೆ. ಬದಲಾಯಿಸಿದರೂ ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚೇ ಇರಲಿ. ನಿಧಾನದ ಹಾರ್ಡ್ ಡಿಸ್ಕ್ ಇದ್ದರೆ 20 ಸೆಕೆಂಡನ್ನು 60ಕ್ಕೆ ಏರಿಸಿ, ಎರಡನೆಯದನ್ನು 90ಕ್ಕೆ.