ಹೊಸಬರಿಗೆ ಯಾವ ಲಿನಕ್ಸ್? ಪರೀಕ್ಷಿಸಿ ಆರಿಸುವ ಬಗೆ

ಲಿನಕ್ಸ್ ಅಂದರೆ ನಿಜಕ್ಕೂ ಕರ್ನಲ್ ಮಾತ್ರ, ಅಂದರೆ ಯಂತ್ರಾಂಶವನ್ನು ನಡೆಸುವ ತಿರುಳು. ಅದಕ್ಕೆ ಡೆಸ್ಕ್‌ಟಾಪ್, ತಂತ್ರಾಂಶಗಳು, ಅಪ್‌ಡೇಟ್ ವ್ಯವಸ್ಥೆ ಎಲ್ಲ ಜೋಡಿಸಿ ಕೊಟ್ಟದ್ದು ಡಿಸ್ಟ್ರೊ: ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಒಗ್ಗದಿದ್ದರೆ ಹೊಸಬರಿಗೆ ಇವುಗಳಲ್ಲಿ ಯಾವುದನ್ನು ಹಾಕಿಕೊಡುವುದು?

ಅಪ್‌ಡೇಟ್ ಎಷ್ಟು ಕಾಲ ಬರುತ್ತದೆ ಎಂಬುದನ್ನು ಮೊದಲು ನೋಡಿ. ಫೆಡೋರಾದ ಒಂದು ಆವೃತ್ತಿಗೆ ಸುಮಾರು 13 ತಿಂಗಳು, ಉಬುಂಟುವಿನ ದೀರ್ಘ ಬೆಂಬಲದ ಆವೃತ್ತಿ ಎಲ್‌ಟಿಎಸ್‌ಗೆ 5 ವರ್ಷ. ಮಿಂಟ್ 22 ನಿಂತಿರುವುದು ಎಲ್‌ಟಿಎಸ್ ಆದ ಉಬುಂಟು 24.04ರ ಮೇಲೆ, ಹಾಗಾಗಿ ಅದಕ್ಕೆ 2029ರವರೆಗೆ ಬೆಂಬಲ. ಫೆಡೋರಾ ಒಳ್ಳೆಯದೇ, ಆದರೆ ಮೌಸ್ ಹಿಡಿಯಲು ಈಗಷ್ಟೇ ಕಲಿತವರ ಮೇಲೆ ವರ್ಷ ವರ್ಷ ಆವೃತ್ತಿ ಬದಲಿಸುವ ಹೊರೆ ಹಾಕಬಾರದು. ನನ್ನ ಆಯ್ಕೆ ಮಿಂಟ್. ಕೆಳಗೆ ಎಡಕ್ಕೆ ಮೆನು, ಬಲಕ್ಕೆ ಗಡಿಯಾರ. ವಿಂಡೋಸ್ ಬಳಸಿದವರ ಕಣ್ಣು ತಡಕಾಡುವುದಿಲ್ಲ.

ಮಿಂಟ್‌ಗೆ ಕನಿಷ್ಠ 2 ಜಿಬಿ ರ್‍ಯಾಮ್ ಸಾಕೆನ್ನುತ್ತಾರೆ, ಆರಾಮಕ್ಕೆ 4 ಜಿಬಿ. ಬ್ರೌಸರ್‌ನಲ್ಲಿ ನಾಲ್ಕಾರು ಟ್ಯಾಬ್ ತೆರೆದರೆ 2 ಜಿಬಿ ಖಂಡಿತ ಸಾಲದು. ಯಂತ್ರ ಹಳೆಯದಾದರೆ ಮಿಂಟ್‌ನ ಮುಖ್ಯ ಡೆಸ್ಕ್‌ಟಾಪ್ ಸಿನಮನ್ ಬಿಟ್ಟು, ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ನ ಆವೃತ್ತಿ ತೆಗೆದುಕೊಳ್ಳಿ.

ಇನ್‌ಸ್ಟಾಲ್ ಮಾಡುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ, ಅಂದರೆ ಡಿಸ್ಕಿಗೆ ಹಾಕದೆಯೇ, ನಡೆಸಿ. ವೈಫೈ, ಸದ್ದು, ಪ್ರಿಂಟರ್, ಮುಚ್ಚಿ ತೆರೆದಾಗ ಲ್ಯಾಪ್‌ಟಾಪ್ ಎಚ್ಚರಗೊಳ್ಳುವುದು, ಎಲ್ಲವನ್ನೂ ಅಲ್ಲೇ ನೋಡಿಬಿಡಿ. ವೇಗವನ್ನು ಮಾತ್ರ ಅಲ್ಲಿ ಅಳೆಯಬೇಡಿ, ಪೆನ್‌ಡ್ರೈವ್ ನಿಧಾನ.

ನಮಗೆ ಮುಖ್ಯ ಪರೀಕ್ಷೆ ಕನ್ನಡದ್ದು. ಇದನ್ನು ಇಂಗ್ಲಿಷ್ ವಿಮರ್ಶೆಗಳು ಮುಟ್ಟುವುದೇ ಇಲ್ಲ. ಬೇರೆ ಬೇರೆ ಭಾಷೆ ಟೈಪಿಸಲು ನೆರವಾಗುವ ಐಬಸ್ ಜೊತೆ, ಕೀಲಿಮಣೆ ವಿನ್ಯಾಸಗಳ ಕಟ್ಟಾದ ಎಂ17ಎನ್ ಹಾಕಿಕೊಂಡರೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಸಿಗುತ್ತದೆ, ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಪಳಗಿದ ಬೆರಳುಗಳಿಗೆ ಬೇಕಾದ ಕಗಪ ಕೀಲಿಮಣೆಯೂ ಸಿಗುತ್ತದೆ. ವರ್ಡ್‌ನಂತೆ ಬರೆಯಲು ಬಳಸುವ ಲಿಬ್ರೆಆಫೀಸ್ ತೆರೆದು ‘ಜ್ಞಾನ’, ‘ಕ್ಷೇತ್ರ’, ‘ಸೂರ್ಯ’, ‘ಸ್ವಾತಂತ್ರ್ಯ’ ಬರೆಯಿರಿ. ಒತ್ತು, ಅರ್ಕಾವತ್ತು ಸರಿಯಾಗಿ ಕೂತರೆ ಫಾಂಟ್ ಸರಿಯಿದೆ. ಅದನ್ನೇ ಪಿಡಿಎಫ್ ಮಾಡಿ, ಮುದ್ರಿಸಿ ನೋಡಿ. ನುಡಿಯ ಹಳೆಯ ಆಸ್ಕಿ ಫಾಂಟಿನ (ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡ ತೋರಿಸುವ ಫಾಂಟಿನ) ಕಡತ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಂಡರೆ ಲಿನಕ್ಸನ್ನು ದೂರಬೇಡಿ. ಆ ಫಾಂಟ್ ಇಲ್ಲದ ವಿಂಡೋಸ್‌ನಲ್ಲೂ ಅದು ಹಾಗೇ ಕಾಣುತ್ತದೆ. ಎಲ್ಲ ಯಂತ್ರಗಳಿಗೂ ತಿಳಿಯುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಹಾಕಿಕೊಟ್ಟ ದಿನವೇ ಟೈಮ್‌ಶಿಫ್ಟ್ ಚಾಲೂ ಮಾಡಿ. ಅಪ್‌ಡೇಟ್ ಕೆಟ್ಟರೆ ಈ ತಂತ್ರಾಂಶ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರುತ್ತದೆ. ಫೋಟೊ, ಪತ್ರಗಳನ್ನು ಅದು ಸಾಮಾನ್ಯವಾಗಿ ಉಳಿಸುವುದಿಲ್ಲ, ಅವಕ್ಕೆ ಬೇರೆ ಬ್ಯಾಕಪ್ ಬೇಕೇ ಬೇಕು.

ಹೊಸಬರ ದುಡಿಮೆ ಲೆಕ್ಕಪತ್ರದ ಟ್ಯಾಲಿಯಂಥ ವಿಂಡೋಸ್ ತಂತ್ರಾಂಶದ ಮೇಲೆಯೇ ನಿಂತಿದ್ದರೆ ಒತ್ತಾಯ ಬೇಡ. ಆ ಯಂತ್ರವನ್ನು ಹಾಗೇ ಬಿಟ್ಟು, ಮನೆಯಲ್ಲಿ ಮೂಲೆ ಸೇರಿದ ಇನ್ನೊಂದು ಇದ್ದರೆ ಅದಕ್ಕೆ ಮಿಂಟ್ ಹಾಕಿಕೊಡಿ.