ಬಿವಿಎಸ್‌ಸಿ ಇಲ್ಲದೆ ಜಂತುಹುಳುವಿನ ಮೇಲೆ ಪಿಎಚ್‌ಡಿ ಮಾಡಬಹುದಾ?

ಪ್ರಶ್ನೆ: ಪ್ರಾಣಿಶಾಸ್ತ್ರದಲ್ಲಿ ಎಂಎಸ್‌ಸಿ ಮುಗಿಸಿದ್ದೇನೆ. ದನ-ಕುರಿಗಳ ಪರೋಪಜೀವಿಗಳ ಜೀನ್‌ಗಳ ಬಗ್ಗೆ ಸಂಶೋಧನೆ ಮಾಡುವ ಆಸೆ. ಅದಕ್ಕೆ ಪಶುವೈದ್ಯರೇ ಆಗಿರಬೇಕು ಅಂತಾರೆ. ನಿಜವಾ?

ಅರ್ಧ ನಿಜ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜೇ ಇರಲಿ, ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ (ಐವಿಆರ್‌ಐ) ಇರಲಿ, ಪರೋಪಜೀವಿ ಶಾಸ್ತ್ರದ ಎಂವಿಎಸ್‌ಸಿಗೆ, ಅಂದರೆ ಪಶುವೈದ್ಯಕೀಯ ಸ್ನಾತಕೋತ್ತರ ಪದವಿಗೆ, ಬಿವಿಎಸ್‌ಸಿ ಎಂಬ ಪಶುವೈದ್ಯಕೀಯ ಪದವಿ ಬೇಕೇ ಬೇಕು. ಆದರೆ ಹುಳುವಿನ ಜೀನ್ ಓದುವವರಿಗೆ ದನಕ್ಕೆ ಇಂಜೆಕ್ಷನ್ ಕೊಡಲು ಬರಬೇಕಿಲ್ಲವಲ್ಲ!

ಈ ಕೆಲಸ ಎಂಥದ್ದು ಅಂತ ಒಂದು ಉದಾಹರಣೆಯಲ್ಲಿ ನೋಡೋಣ. ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಹೀಮಾಂಕಸ್ ಕಂಟಾರ್ಟಸ್ ಎಂಬ ಹುಳು ಇರುತ್ತದೆ. ನೋಡಲು ಕೆಂಪು-ಬಿಳಿ ದಾರ ಹೊಸೆದ ಹಾಗೆ. ಕೆಂಪು ಅಂದರೆ ಅದು ಕುಡಿದ ರಕ್ತ. ಒಂದು ಹುಳು ದಿನಕ್ಕೆ ಹೀರುವುದು ಸುಮಾರು 0.05 ಮಿಲಿಲೀಟರ್. ಇಷ್ಟೇನಾ ಅನಿಸುತ್ತೆ, ಅಲ್ವಾ? 5,000 ಹುಳು ಸೇರಿದರೆ ಕಾಲು ಲೀಟರ್. ಕುರಿಯ ಕಣ್ಣಿನ ಒಳರೆಪ್ಪೆ ಬಿಳಚಿಕೊಳ್ಳುತ್ತದೆ, ದವಡೆ ಕೆಳಗೆ ನೀರು ತುಂಬಿ ಜೋತು ಬೀಳುತ್ತದೆ.

ಕುರಿಗಾಹಿಗಳು ಆಲ್ಬೆಂಡಜೋಲ್ ಕುಡಿಸುತ್ತಾರೆ. ಈ ಔಷಧಿ ಹುಳುವಿನ ಬೀಟಾ ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಹುಳುವನ್ನು ಕೊಲ್ಲುತ್ತದೆ. ಆ ಪ್ರೋಟೀನಿನ ಜೀನ್‌ನಲ್ಲಿ 200ನೇ ಜಾಗದ ಟಿಟಿಸಿ ಎಂಬ ಮೂರಕ್ಷರದ ಬರಹ ಟಿಎಸಿ ಆದರೆ ಸಾಕು, ಔಷಧಿ ಸರಿಯಾಗಿ ಅಂಟುವುದೇ ಇಲ್ಲ. ಒಂದೇ ಅಕ್ಷರದ ವ್ಯತ್ಯಾಸ.

ನನಗೆ ತುಂಬ ಹಿಡಿಸಿದ್ದು ಇದರ ಮುಂದಿನ ಭಾಗ. ಸಾಮಾನ್ಯವಾಗಿ ಈ ಬದಲಾವಣೆ ತಂದೆ-ತಾಯಿ ಎರಡೂ ಕಡೆಯಿಂದ ಬಂದ ಹುಳುವೇ ಔಷಧಿಯನ್ನು ತಡೆದುಕೊಳ್ಳುವುದು. ಒಂದೇ ಕಡೆಯಿಂದ ಬಂದದ್ದು ಸಾಯುತ್ತದೆ. ಹಾಗಾಗಿ ಮಂದೆಯಲ್ಲಿ ಔಷಧಿ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ಈ ಜೀನ್ ಒಳಗೊಳಗೇ ಹರಡುತ್ತಿರಬಹುದು. ಹಿಕ್ಕೆಯಲ್ಲಿ ಮೊಟ್ಟೆ ಎಣಿಸಿದರೆ ಇದು ಬೇಗ ಗೊತ್ತಾಗುವುದಿಲ್ಲ. ಡಿಎನ್‌ಎ ಪರೀಕ್ಷೆಗೆ ಮಾತ್ರ ಸಿಗುತ್ತದೆ. ಐವರ್ಮೆಕ್ಟಿನ್ ಎಂಬ ಇನ್ನೊಂದು ಜಂತು ಔಷಧಿಯ ಕಥೆ ಇನ್ನೂ ಜಟಿಲ. ಅಲ್ಲಿ ಸುಳಿವು ಹುಳುವಿನ ಐದನೇ ಕ್ರೋಮೋಸೋಮಿನ ಕಡೆ ಕೈ ತೋರಿಸುತ್ತದೆ. ಇಂಥ ಪ್ರಶ್ನೆಗಳಿಗೆ ಜೀವಶಾಸ್ತ್ರ ಓದಿ ಕಂಪ್ಯೂಟರ್ ಪಳಗಿಸಿಕೊಂಡವರು ಬೇಕು.

ಇನ್ನು ದಾರಿ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೃತ್ತಿ ಪಡೆಯಿರಿ. 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಹೈದರಾಬಾದಿನ ರಾಷ್ಟ್ರೀಯ ಪ್ರಾಣಿ ಜೈವಿಕ ತಂತ್ರಜ್ಞಾನ ಸಂಸ್ಥೆ ಎಂಎಸ್‌ಸಿ ಆದವರನ್ನೂ ಪಿಎಚ್‌ಡಿಗೆ ತೆಗೆದುಕೊಳ್ಳುತ್ತದೆ. ಉಣುಗು ಹರಡುವ ಥೈಲೇರಿಯಾ ರೋಗದ ಮೇಲೆ ಅಲ್ಲಿ ಕೆಲಸ ನಡೆಯುತ್ತದೆ. ಮಿಶ್ರತಳಿ ಹಸು ಕಟ್ಟಿದವರಿಗೆ ಆ ಹೆಸರು ಹೊಸದಲ್ಲ. ಬೆಂಗಳೂರಿನ ಯಲಹಂಕದಲ್ಲೇ ನಿವೇದಿ ಇದೆ. ಜಾನುವಾರು ರೋಗ ಎಲ್ಲಿ ಬರಬಹುದು ಅಂತ ಎರಡು ತಿಂಗಳು ಮುಂಚೆ ಅಂದಾಜು ಹೇಳುವ ಸಂಸ್ಥೆ ಅದು. ಪ್ರಾಜೆಕ್ಟ್ ಕೆಲಸಗಳಿಗೆ ಕರೆಯುತ್ತಿರುತ್ತಾರೆ, ಕಣ್ಣಿಟ್ಟಿರಿ. ನೇರ ಪಿಎಚ್‌ಡಿಗಿಂತ ಒಂದು ವರ್ಷ ಪ್ರಾಜೆಕ್ಟ್ ಮಾಡಿ ನೋಡುವುದು ಜಾಣತನ ಅಂತ ನನ್ನ ಅನಿಸಿಕೆ.

ಹೊರದೇಶವಾದರೆ ಸ್ಕಾಟ್ಲೆಂಡ್. ಗ್ಲಾಸ್ಗೋ ವಿಶ್ವವಿದ್ಯಾಲಯ ಇದೆ. ಎಡಿನ್‌ಬರೋ ಹತ್ತಿರ ಜಾನುವಾರು ರೋಗಗಳ ಸಂಶೋಧನೆ ಮಾಡುವ ಮೋರ್ಡನ್ ಸಂಸ್ಥೆ ಇದೆ. ಅದನ್ನು 1920ರಲ್ಲಿ ಕಟ್ಟಿದ್ದು ಅಲ್ಲಿನ ರೈತರೇ. ನೈರೋಬಿಯ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆ ಇಲ್ರಿಯನ್ನೂ ಮರೆಯಬೇಡಿ.

ಅರ್ಜಿ ಹಾಕುವ ಮೊದಲು ಮಾರ್ಗದರ್ಶಕರಿಗೆ ಇಮೇಲ್ ಬರೆಯಿರಿ. ಸುಮ್ನೆ ‘ನನಗೆ ಆಸಕ್ತಿ ಇದೆ’ ಅಂತ ಬರೆದರೆ ಉತ್ತರ ಬರುವುದು ಕಷ್ಟ. ವರ್ಮ್‌ಬೇಸ್ ಪ್ಯಾರಾಸೈಟ್ ಎಂಬ ಜಾಲತಾಣದಲ್ಲಿ ಈ ಹುಳುವಿನ ಇಡೀ ಜೀನೋಮ್ ಉಚಿತವಾಗಿ ಸಿಗುತ್ತದೆ. ಬೀಟಾ ಟ್ಯೂಬುಲಿನ್ ಜೀನ್ ಇಳಿಸಿಕೊಂಡು ಆ 200ನೇ ಜಾಗವನ್ನು ನೀವೇ ಹುಡುಕಿ. ಹುಡುಕಿದ್ದನ್ನು ಎರಡು ಸಾಲಿನಲ್ಲಿ ಬರೆಯಿರಿ.

ಅಂದಹಾಗೆ, ಸೇರಿದ ಮೇಲೆ ಮೊದಲ ಕೆಲಸ ಬಹುಶಃ ಹಿಕ್ಕೆ ಸಂಗ್ರಹ. ನೆಲದಿಂದ ಆರಿಸಿದರೆ ಮಣ್ಣಿನ ಹುಳುಗಳೂ ಸೇರಿ ಲೆಕ್ಕ ಕೆಡುತ್ತದೆ. ಕೈಗವಸು ಹಾಕಿಕೊಂಡು ಕುರಿಯಿಂದ ನೇರವಾಗಿಯೇ ತೆಗೆಯಬೇಕು.